ಮುಟ್ಟದೆ ಬಿಟ್ಟ ಕರ್ನೆಲ್ ಹಳತಾಗುವ ಬಗೆ

ಸರ್ವರ್ ನೋಡಿಕೊಳ್ಳುವವರ ನಡುವೆ ಒಂದು ಅಂಕಿಗೆ ಬಹಳ ಮರ್ಯಾದೆ. ಯಂತ್ರ ಕೊನೆಯ ಸಲ ರೀಬೂಟ್ ಆಗಿ ಎಷ್ಟು ದಿನವಾಯಿತು ಎನ್ನುವ ಲೆಕ್ಕ ಅದು, ಅಪ್‌ಟೈಮ್ ಎನ್ನುತ್ತಾರೆ. ಐನೂರು ದಿನ ದಾಟಿದೆ, ಎರಡು ವರ್ಷದಿಂದ ಒಮ್ಮೆಯೂ ನಿಂತಿಲ್ಲ ಎಂದು ಹೇಳುವಾಗ ದನಿಯಲ್ಲಿ ಹೆಮ್ಮೆ ಇರುತ್ತದೆ, ಆ ಹೆಮ್ಮೆ ಪೂರ್ತಿ ಹುಸಿಯೂ ಅಲ್ಲ. ಯುಪಿಎಸ್ ಕೈಕೊಟ್ಟಿಲ್ಲ, ಡಿಸ್ಕ್ ಕೆಟ್ಟಿಲ್ಲ, ತಂತ್ರಾಂಶ ಕುಸಿದಿಲ್ಲ ಎಂಬುದಕ್ಕೆಲ್ಲ ಅದು ಸಾಕ್ಷಿ. ಆದರೆ ಅದೇ ಅಂಕಿ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಲಿನಕ್ಸ್ ಸರ್ವರ್‌ನ ಕರ್ನೆಲ್ ಬದಲಾಗಬೇಕಾದರೆ ಸಾಮಾನ್ಯವಾಗಿ ಯಂತ್ರ ಒಮ್ಮೆ ನಿಂತು ಏಳಲೇಬೇಕು. ಹಾಗಾಗಿ ಎರಡು ವರ್ಷದ ಅಪ್‌ಟೈಮ್ ಎಂದರೆ ಬಹುಮಟ್ಟಿಗೆ ಎರಡು ವರ್ಷ ಹಿಂದಿನ ಕರ್ನೆಲ್. ಆ ಎರಡು ವರ್ಷಗಳಲ್ಲಿ ಜಗತ್ತಿಗೆ ಗೊತ್ತಾದ ಅದರ ಅಷ್ಟೂ ದೋಷಗಳು ಅಲ್ಲಿ ಹಾಗೆಯೇ ಇರುತ್ತವೆ. ನಡೆಯುತ್ತಿರುವುದನ್ನು ಮುಟ್ಟಬೇಡಿ ಎಂಬ ಬುದ್ಧಿಮಾತು ಕರ್ನೆಲ್ ವಿಷಯದಲ್ಲಿ ಏಕೆ ಸಲ್ಲದು, ಮುಟ್ಟುವುದಾದರೆ ಹೇಗೆ ಮುಟ್ಟಬೇಕು ಎನ್ನುವುದು ಈ ಲೇಖನದ ವಿಚಾರ.

ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಯಾವ ಪ್ರೋಗ್ರಾಂಗೆ ಪ್ರೊಸೆಸರ್ ಎಷ್ಟು ಹೊತ್ತು ಸಿಗಬೇಕು, ಯಾರಿಗೆ ಎಷ್ಟು ಮೆಮೊರಿ, ಯಾವ ಫೈಲನ್ನು ಯಾರು ಓದಬಹುದು, ನೆಟ್‌ವರ್ಕ್‌ನಿಂದ ಬಂದ ಪ್ಯಾಕೆಟ್ ಎಲ್ಲಿಗೆ ಹೋಗಬೇಕು, ಇವೆಲ್ಲ ಅದರ ತೀರ್ಮಾನಗಳು. ವೆಬ್ ಸರ್ವರ್, ಡೇಟಾಬೇಸ್, ಮೇಲ್ ಎಲ್ಲವೂ ಅದರ ಬಳಿ ಕೇಳಿ ಪಡೆಯುವಂಥವೇ. ಈ ಸ್ಥಾನದಿಂದಾಗಿಯೇ ಕರ್ನೆಲ್‌ನ ದೋಷಕ್ಕೂ ಬೇರೆ ತಂತ್ರಾಂಶದ ದೋಷಕ್ಕೂ ಅಜಗಜಾಂತರ. ವೆಬ್ ತಾಣದ ಕೋಡ್‌ನಲ್ಲಿ ಬಿರುಕಿದ್ದರೆ ಒಳನುಗ್ಗಿದವನಿಗೆ ಆ ತಾಣ ನಡೆಸುವ ಖಾತೆಯ ಸಣ್ಣ ಅಧಿಕಾರವಷ್ಟೇ ಸಿಗುತ್ತದೆ. ಕರ್ನೆಲ್‌ನಲ್ಲೂ ಬಿರುಕಿದ್ದರೆ ಅಲ್ಲಿಂದ ರೂಟ್ ಎಂಬ ಸರ್ವಾಧಿಕಾರಕ್ಕೆ ಒಂದೇ ಮೆಟ್ಟಿಲು. ರೂಟ್ ಕೈಸೇರಿದ ಮೇಲೆ ಅನುಮತಿ, ಪಾಸ್‌ವರ್ಡ್, ಲಾಗ್ ಯಾವುದನ್ನೂ ನಂಬುವಂತಿಲ್ಲ, ಏಕೆಂದರೆ ಅವನ್ನೆಲ್ಲ ಜಾರಿ ಮಾಡಬೇಕಾದ ಕರ್ನೆಲ್ಲೇ ಸೋತಿರುತ್ತದೆ. ಡಾಕರ್‌ನಂಥ ಕಂಟೇನರ್ ಬಳಸುವವರು ಇದನ್ನು ಇನ್ನಷ್ಟು ಗಮನಿಸಬೇಕು. ವರ್ಚುವಲ್ ಮೆಷಿನ್‌ಗೆ ತನ್ನದೇ ಕರ್ನೆಲ್ ಇರುತ್ತದೆ, ಕಂಟೇನರ್‌ಗೆ ಇಲ್ಲ. ಒಂದು ಯಂತ್ರದ ಮೇಲೆ ನಲವತ್ತು ಕಂಟೇನರ್‌ಗಳಿದ್ದರೆ ನಲವತ್ತೂ ಒಂದೇ ಕರ್ನೆಲ್ ಹಂಚಿಕೊಂಡಿರುತ್ತವೆ. ಕಂಟೇನರ್ ಇಮೇಜನ್ನು ವಾರಕ್ಕೊಮ್ಮೆ ಹೊಸದಾಗಿ ಕಟ್ಟುತ್ತ, ಅಡಿಯ ಯಂತ್ರವನ್ನು ವರ್ಷಗಟ್ಟಲೆ ಮರೆತರೆ, ಗೋಡೆಗೆ ಪ್ರತಿ ಹಬ್ಬಕ್ಕೂ ಸುಣ್ಣ ಬಳಿದು ಮಾಡಿನ ತೊಲೆಗೆ ಹತ್ತಿದ ಗೆದ್ದಲನ್ನು ನೋಡದಂತಾಗುತ್ತದೆ.

ಕರ್ನೆಲ್‌ನ ದೋಷ ಎಷ್ಟು ಕಾಲ ಅಡಗಿರಬಲ್ಲದು ಎಂಬುದಕ್ಕೆ ಡರ್ಟಿ ಕೌ ಎಂದು ಹೆಸರಾದ, ಸಿವಿಇ-2016-5195 ಎಂಬ ಗುರುತಿನ ಸಂಖ್ಯೆಯ ದೋಷ ಒಳ್ಳೆಯ ನಿದರ್ಶನ. ಮೆಮೊರಿಯ ಒಂದು ಪುಟವನ್ನು ಇಬ್ಬರು ಹಂಚಿಕೊಂಡಿದ್ದಾಗ, ಒಬ್ಬರು ಅದರಲ್ಲಿ ಬರೆಯಲು ಹೊರಟರೆ ಮಾತ್ರ ಅವರಿಗೆ ಬೇರೆ ಪ್ರತಿ ಮಾಡಿಕೊಡುವ ಏರ್ಪಾಡು ಕರ್ನೆಲ್‌ನಲ್ಲಿದೆ. ಆ ಪ್ರತಿ ಮಾಡುವ ಗಳಿಗೆಯಲ್ಲಿ ಎರಡು ಕೆಲಸಗಳನ್ನು ಒಂದರ ಮೇಲೊಂದು ಓಡಿಸಿದರೆ, ಓದಲಷ್ಟೇ ಅನುಮತಿಯಿದ್ದ ಫೈಲಿನೊಳಗೆ ಬರೆದುಬಿಡಬಹುದಿತ್ತು. ಕಡೇಪಕ್ಷ 2007ರ 2.6.22 ಆವೃತ್ತಿಯಿಂದ ಒಂಬತ್ತು ವರ್ಷ ಅದು ಅಲ್ಲೇ ಇತ್ತು. ಅಕ್ಟೋಬರ್ 2016ರಲ್ಲಿ ಅದು ಬಯಲಾಗಲು ಕಾರಣ ಫಿಲ್ ಓಸ್ಟರ್ ಎಂಬುವರು ತಮ್ಮ ಸರ್ವರ್‌ಗೆ ಬಂದ ನೆಟ್‌ವರ್ಕ್ ಸಂಚಾರವನ್ನು ದಾಖಲಿಸಿಟ್ಟಿದ್ದು. ದಾಳಿಕೋರರು ಬಳಸಿದ ಪ್ರೋಗ್ರಾಂ ಆ ದಾಖಲೆಯಲ್ಲೇ ಸಿಕ್ಕಿತು. ಎಂದರೆ ರಕ್ಷಿಸುವವರಿಗೆ ತಿಳಿಯುವ ಮೊದಲೇ ಅದನ್ನು ಬಳಸುವವರಿದ್ದರು. ಹನ್ನೊಂದು ವರ್ಷ ಹಿಂದೆಯೇ ತಾವು ಇದನ್ನು ಸರಿಪಡಿಸಲು ಯತ್ನಿಸಿದ್ದು, ಆ ಯತ್ನ ಸರಿಹೋಗದೆ ಹಿಂತೆಗೆಯಬೇಕಾಗಿ ಬಂದದ್ದನ್ನು ದುರಸ್ತಿಯ ಜೊತೆಗಿನ ಟಿಪ್ಪಣಿಯಲ್ಲಿ ಲಿನಸ್ ಟೋರ್ವಾಲ್ಡ್ಸ್ ತಾವೇ ಬರೆದುಕೊಂಡರು. ಲಿನಕ್ಸ್ ಕಟ್ಟಿದವರಿಗೇ ಒಮ್ಮೆ ಕೈತಪ್ಪಿದ್ದು ನಮ್ಮ ಕಣ್ಣಿಗೆ ಬೀಳಲಿಲ್ಲವೆಂದು ಯಾರೂ ನಾಚಬೇಕಿಲ್ಲ. ಆದರೆ ದುರಸ್ತಿ ಹೊರಬಂದ ಮೇಲೂ ಹಾಕಿಕೊಳ್ಳದೆ ಕೂತರೆ ಅದು ಬೇರೆಯೇ ಮಾತು.

ದುರಸ್ತಿ ಹೊರಬಂದ ದಿನದಿಂದ ಅಪಾಯ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಲಿನಕ್ಸ್‌ನ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಯಾವ ಸಾಲು ಬದಲಾಯಿತೆಂದು ನೋಡಿದರೆ ಎಲ್ಲಿ ಬಿರುಕಿತ್ತೆಂದು ಬಲ್ಲವರಿಗೆ ತಿಳಿಯುತ್ತದೆ. ಹಾಕಿಕೊಂಡವರ ಪಾಲಿಗೆ ಔಷಧವಾದದ್ದು, ಹಾಕಿಕೊಳ್ಳದವರ ಮನೆಗೆ ದಾರಿ ತೋರಿಸುವ ನಕ್ಷೆಯೂ ಆಗುತ್ತದೆ. ಸಿವಿಇ-2024-1086ರ ಕಾಲಕ್ರಮ ನೋಡಿ. ಪ್ಯಾಕೆಟ್ ಸೋಸುವ ನೆಟ್‌ಫಿಲ್ಟರ್ ಎಂಬ ಭಾಗದಲ್ಲಿದ್ದ ಆ ದೋಷಕ್ಕೆ 2014ರ ಸುಮಾರಿನಷ್ಟು ಹಳೆಯ ಚರಿತ್ರೆಯಿದೆ. ಜನವರಿ 2024ರ ಕೊನೆಯಲ್ಲಿ ಅದು ದುರಸ್ತಿಯೊಂದಿಗೆ ಬಹಿರಂಗವಾಯಿತು. ಮಾರ್ಚ್ ಕೊನೆಯ ಹೊತ್ತಿಗೆ, ಸಾಮಾನ್ಯ ಬಳಕೆದಾರನನ್ನು ರೂಟ್ ಮಾಡಬಲ್ಲ ಪೂರ್ಣ ಪ್ರೋಗ್ರಾಂ ವಿವರಣೆಯ ಸಮೇತ ಯಾರು ಬೇಕಾದರೂ ಇಳಿಸಿಕೊಳ್ಳುವಂತಿತ್ತು. ಮೇ 30ಕ್ಕೆ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಅದನ್ನು ನಿಜವಾದ ದಾಳಿಗಳಲ್ಲಿ ಬಳಕೆಯಾಗುತ್ತಿರುವ ದೋಷಗಳ ಪಟ್ಟಿಗೆ ಸೇರಿಸಿತು. ಹತ್ತು ವರ್ಷ ಯಾರ ಗಮನಕ್ಕೂ ಬಾರದೆ ಇದ್ದದ್ದು, ಗೊತ್ತಾದ ನಾಲ್ಕೇ ತಿಂಗಳಲ್ಲಿ ದಾಳಿಕೋರರ ದಿನಬಳಕೆಯ ಹತಾರವಾಯಿತು. ಕರ್ನೆಲ್‌ನ ಒಂದು ಬೈಟ್ ಬದಲಾಗದಿದ್ದರೂ ಸರ್ವರ್ ನಿನ್ನೆಗಿಂತ ಇಂದು ದುರ್ಬಲವಾಗಿರುವುದು ಹೀಗೆ. ಅದು ಇದ್ದಲ್ಲೇ ಇದೆ. ಅದರ ಬಗ್ಗೆ ಹೊರಗಿನವರಿಗೆ ತಿಳಿದಿರುವುದು ದಿನೇದಿನೇ ಬೆಳೆಯುತ್ತಿದೆ.

ಇಂಥ ದೋಷ ಬಳಸಬೇಕಾದರೆ ಮೊದಲು ಯಂತ್ರದ ಒಳಗೆ ಬಂದಿರಬೇಕಲ್ಲ, ನಮ್ಮಲ್ಲಿ ಹೊರಗಿನವರಿಗೆ ಲಾಗಿನ್ನೇ ಇಲ್ಲ ಎಂದು ಕೆಲವರು ಹೇಳುತ್ತಾರೆ. ಎರಡು ಉತ್ತರಗಳಿವೆ. ಒಳಗೆ ಬರುವುದಕ್ಕೆ ಲಾಗಿನ್ ಬೇಕಿಲ್ಲ. ಹಳೆಯದಾದ ಒಂದು ವರ್ಡ್‌ಪ್ರೆಸ್ ಪ್ಲಗಿನ್ ಸಾಕು. ದಾಳಿಗಳು ಹೀಗೆ ಕೊಂಡಿಗೆ ಕೊಂಡಿ ಸೇರಿಸಿಯೇ ನಡೆಯುತ್ತವೆ, ಮೊದಲ ಕೊಂಡಿ ವೆಬ್ ತಾಣದ್ದು, ಎರಡನೆಯದು ಕರ್ನೆಲ್‌ನದು. ಇನ್ನು ಕೆಲವು ದೋಷಗಳಿಗೆ ಒಳಗೆ ಬರುವ ಅಗತ್ಯವೇ ಇಲ್ಲ. ಜೂನ್ 2019ರಲ್ಲಿ ನೆಟ್‌ಫ್ಲಿಕ್ಸ್‌ನ ಎಂಜಿನಿಯರ್ ಒಬ್ಬರು ಬಯಲು ಮಾಡಿದ ಸ್ಯಾಕ್ ಪ್ಯಾನಿಕ್ ಎಂಬ ದೋಷದಲ್ಲಿ, ಟಿಸಿಪಿ ಸಂಪರ್ಕದ ಮೂಲಕ ಬೇಕೆಂದೇ ಹೊಸೆದ ಕೆಲವು ಪ್ಯಾಕೆಟ್ ಕಳಿಸಿದರೆ ದೂರದಿಂದಲೇ ಕರ್ನೆಲ್ಲನ್ನು ಕೆಡವಬಹುದಿತ್ತು. 2009ರ 2.6.29 ಆವೃತ್ತಿಯಿಂದ ಈಚಿನ ಎಲ್ಲಕ್ಕೂ ಅದು ತಟ್ಟಿತ್ತು. ವೆಬ್ ಪುಟ ಬಡಿಸುವ ಯಂತ್ರ ಟಿಸಿಪಿ ಸಂಪರ್ಕವನ್ನು ನಿರಾಕರಿಸಿ ಬದುಕುವಂತಿಲ್ಲ. ನಮ್ಮದು ಚಿಕ್ಕ ಸಂಸ್ಥೆ, ನಮ್ಮ ಮೇಲೆ ಯಾರಿಗೆ ಕಣ್ಣು ಎನ್ನುವ ಮಾತಿಗೂ ಬಲವಿಲ್ಲ. ಅಂತರ್ಜಾಲದಲ್ಲಿ ಜಾಲಾಡುವ ಪ್ರೋಗ್ರಾಂಗಳು ಐಪಿ ವಿಳಾಸಗಳನ್ನು ಸಾಲಾಗಿ ತಟ್ಟುತ್ತ ಹೋಗುತ್ತವೆ, ಬಾಗಿಲ ಮೇಲಿನ ಹೆಸರು ಓದುವುದಿಲ್ಲ. ಅನಾಹುತವಾದರೆ ನಮ್ಮಲ್ಲಿ ಕಾನೂನಿನ ಹೊಣೆಯೂ ಇದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಏಪ್ರಿಲ್ 2022ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆಗಳು ತಿಳಿದ 6 ಗಂಟೆಯೊಳಗೆ ವರದಿಯಾಗಬೇಕು, ಲಾಗ್‌ಗಳು 180 ದಿನ ಉಳಿದಿರಬೇಕು. ಜನರ ವೈಯಕ್ತಿಕ ದತ್ತಾಂಶ ಕಾಯಲು ತಕ್ಕ ಎಚ್ಚರ ವಹಿಸದಿದ್ದರೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ.

ಭದ್ರತೆಯ ಮಾತು ಪಕ್ಕಕ್ಕಿಟ್ಟರೂ, ಬಹುಕಾಲ ನಿಲ್ಲದೆ ಓಡುವುದೇ ಒಂದು ಅಪಾಯ ಎನ್ನುವುದಕ್ಕೆ ಲಿನಕ್ಸ್‌ನ ಚರಿತ್ರೆಯಲ್ಲೇ ಸಾಕ್ಷಿಗಳಿವೆ. 2.6.32ರ ಕಾಲದ ಕರ್ನೆಲ್‌ಗಳಲ್ಲಿ ಪ್ರೊಸೆಸರ್‌ನ ಎಣಿಕೆಯನ್ನು ನ್ಯಾನೊಸೆಕೆಂಡಿಗೆ ಪರಿವರ್ತಿಸುವ ಲೆಕ್ಕವೊಂದು 208 ದಿನ ದಾಟುತ್ತಿದ್ದಂತೆ ತುಂಬಿ ಹರಿಯುತ್ತಿತ್ತು. ಎರಡರ ಐವತ್ತನಾಲ್ಕನೇ ಘಾತದಷ್ಟು ನ್ಯಾನೊಸೆಕೆಂಡ್ ಎಂದರೆ ಸರಿಸುಮಾರು 208 ದಿನ 12 ಗಂಟೆ. ಆ ಗಡಿ ದಾಟಿದ ಕೆಲವು ಯಂತ್ರಗಳು ಯಾವ ಸೂಚನೆಯೂ ಇಲ್ಲದೆ ಕುಸಿಯುತ್ತಿದ್ದವು. ಒಂದೇ ದಿನ ಚಾಲೂ ಮಾಡಿದ ಹತ್ತು ಯಂತ್ರಗಳಿದ್ದರೆ ಹತ್ತಕ್ಕೂ ಗಂಡಾಂತರ ಒಂದೇ ದಿನ ಬರುವುದು ಇದರ ಇನ್ನೊಂದು ಕ್ರೌರ್ಯ. ಒಂದು ಬಿದ್ದರೆ ಇನ್ನೊಂದು ಹೊರುತ್ತದೆ ಎಂಬ ಭರವಸೆಯೇ ಅಲ್ಲಿ ಸುಳ್ಳಾಗುತ್ತದೆ. ಜೂನ್ 30, 2012ರಂದು ಜಗತ್ತಿನ ಗಡಿಯಾರಗಳಿಗೆ ಒಂದು ಅಧಿಕ ಸೆಕೆಂಡ್ ಸೇರಿದಾಗಲೂ ಹೀಗೇ ಆಯಿತು. ಭಾರತದಲ್ಲಿ ಅದು ಜುಲೈ 1ರ ಬೆಳಗಿನ ಐದೂವರೆ. ಕರ್ನೆಲ್‌ನ ಸಮಯ ನೋಡಿಕೊಳ್ಳುವ ಎರಡು ಭಾಗಗಳ ನಡುವೆ ಆ ಒಂದು ಸೆಕೆಂಡ್ ಹೊಂದಾಣಿಕೆಯಾಗದೆ, ಕಾಯುತ್ತ ಕೂರಬೇಕಾದ ಪ್ರೋಗ್ರಾಂಗಳು ಬಿಡುವಿಲ್ಲದೆ ಸುತ್ತತೊಡಗಿ ಪ್ರೊಸೆಸರ್ ಪೂರ್ತಿ ತಿಂದವು. ರೆಡಿಟ್‌ನಂಥ ದೊಡ್ಡ ತಾಣಗಳೇ ಅಂದು ನಿಂತುಹೋದವು. ಈ ಎರಡೂ ದೋಷಗಳಿಗೆ ದುರಸ್ತಿ ಎಂದೋ ಬಂದಾಗಿದೆ. ಆದರೆ ದುರಸ್ತಿ ತಾನಾಗಿ ನಡೆದು ಬಂದು ಯಂತ್ರದೊಳಗೆ ಕೂರುವುದಿಲ್ಲ.

ಇಲ್ಲಿ ಕರ್ನೆಲ್ ಬದಲಿಸುವುದು ಎಂಬ ಒಂದೇ ಮಾತಿನೊಳಗೆ ಎರಡು ಬೇರೆ ಕೆಲಸಗಳು ಸೇರಿಕೊಂಡಿವೆ, ಅವನ್ನು ಬಿಡಿಸಿ ನೋಡಬೇಕು. ಒಂದು, ಇರುವ ಆವೃತ್ತಿಯ ಸಾಲಿನಲ್ಲೇ ದುರಸ್ತಿಗಳನ್ನು ಪಡೆಯುವುದು. ಇನ್ನೊಂದು, ಸಾಲನ್ನೇ ಬಿಟ್ಟು ಹೊಸ ಸಾಲಿಗೆ ಜಿಗಿಯುವುದು. ಮೊದಲನೆಯದು ತಿಂಗಳ ಕೆಲಸ, ಎರಡನೆಯದು ಕೆಲವು ವರ್ಷಗಳಿಗೊಮ್ಮೆ ಬರುವ ಕೆಲಸ. ಮೂಲ ಲಿನಕ್ಸ್‌ನ ಹೊಸ ಆವೃತ್ತಿ ಸುಮಾರು 9-10 ವಾರಕ್ಕೊಂದು ಬರುತ್ತದೆ. ಅದರಲ್ಲಿ ವರ್ಷಕ್ಕೊಂದನ್ನು ಆರಿಸಿ ದೀರ್ಘಕಾಲ ನೋಡಿಕೊಳ್ಳುತ್ತಾರೆ. ಅಕ್ಟೋಬರ್ 2018ರ 4.19ಕ್ಕೆ ಆರು ವರ್ಷ ಆರೈಕೆ ನಡೆದು, ಡಿಸೆಂಬರ್ 2024ಕ್ಕೆ ಮುಗಿಯಿತು. ಈ ಆರು ವರ್ಷದ ರೂಢಿಯನ್ನು ಎರಡು ವರ್ಷಕ್ಕೆ ಇಳಿಸುವ ನಿರ್ಧಾರ ಸೆಪ್ಟೆಂಬರ್ 2023ರಲ್ಲಿ ಹೊರಬಿತ್ತು. ಹಳೆಯ ಸಾಲುಗಳನ್ನು ಹೊತ್ತು ನಡೆಯಲು ಕೈಗಳು ಸಾಲವು ಎನ್ನುವುದು ಇದರ ಹಿಂದಿನ ಸತ್ಯ. ಬಹುಪಾಲು ಸಂಸ್ಥೆಗಳು ಮೂಲ ಕರ್ನೆಲ್ ನೇರವಾಗಿ ಬಳಸುವುದಿಲ್ಲ, ಉಬುಂಟು, ಡೆಬಿಯನ್, ರೆಡ್ ಹ್ಯಾಟ್‌ನಂಥ ವಿತರಣೆಗಳ ಮೂಲಕ ಪಡೆಯುತ್ತವೆ. ಉಬುಂಟು 24.04 ಹೊರಟದ್ದು 6.8ರೊಂದಿಗೆ, ಡೆಬಿಯನ್ 12 ನಿಂತಿರುವುದು 6.1ರ ಮೇಲೆ, ರೆಡ್ ಹ್ಯಾಟ್ 9ರದ್ದು 5.14. ವಿತರಣೆಯವರು ಹೊಸ ದುರಸ್ತಿಗಳನ್ನು ಹಳೆಯ ಆವೃತ್ತಿಗೆ ಹೊಂದಿಸಿ ಹಾಕುತ್ತಾರೆ. ಹೀಗಾಗಿ ಆವೃತ್ತಿಯ ಮೊದಲ ಅಂಕಿಗಳನ್ನು ನೋಡಿ ಹಳತು ಹೊಸತು ಎಂದು ತೀರ್ಮಾನಿಸುವುದು ತಪ್ಪು. ರೆಡ್ ಹ್ಯಾಟ್ 7ರ ಕರ್ನೆಲ್ ಕೊನೆಯವರೆಗೂ 3.10 ಎಂದೇ ಹೇಳಿಕೊಳ್ಳುತ್ತಿತ್ತು, ಆದರೆ ಡರ್ಟಿ ಕೌ ದುರಸ್ತಿ ಅದರಲ್ಲಿತ್ತು. ನೋಡಬೇಕಾದದ್ದು ಎರಡನ್ನು: ವಿತರಣೆಯ ಆರೈಕೆ ಇನ್ನೂ ನಡೆಯುತ್ತಿದೆಯೇ, ಅದು ಕೊಟ್ಟ ಇತ್ತೀಚಿನ ಕರ್ನೆಲ್ ಈಗ ಓಡುತ್ತಿದೆಯೇ. ಸೆಂಟ್‌ಓಎಸ್ 7ರ ಆರೈಕೆ ಜೂನ್ 30, 2024ಕ್ಕೆ ನಿಂತಿದೆ. ಅದರ ಮೇಲೆ ಇನ್ನೂ ಸೇವೆ ನಡೆಸುತ್ತಿರುವವರಿಗೆ ಆ ದಿನದ ನಂತರ ಬಯಲಾದ ಯಾವ ದೋಷಕ್ಕೂ ಅಲ್ಲಿಂದ ಮದ್ದು ಬಂದಿಲ್ಲ. ಅವರ ಪಾಲಿಗೆ ತಿಂಗಳ ಕೆಲಸ ಮುಗಿದಿದೆ, ಜಿಗಿಯುವ ಕೆಲಸವಷ್ಟೇ ಉಳಿದಿದೆ.

ಹೊಸ ಸಾಲಿಗೆ ಹೋಗುವುದರಿಂದ ವೇಗವೂ ಸಿಗಬಹುದು, ಆದರೆ ಇದನ್ನು ಅಳತೆಮಾಡಿ ಹೇಳಬೇಕು. ದೂರದ, ಪ್ಯಾಕೆಟ್ ಕಳೆದುಹೋಗುವ ಜಾಲದಲ್ಲಿ ಟಿಸಿಪಿಯ ಓಟ ಸುಧಾರಿಸುವ ಬಿಬಿಆರ್ ವಿಧಾನ 2016ರ 4.9ರಲ್ಲಿ ಬಂತು. ಡಿಸ್ಕ್ ಓದು-ಬರಹದ ಬೇಡಿಕೆಗಳನ್ನು ಒಂದೊಂದಾಗಿ ಸಲ್ಲಿಸದೆ ಗುಂಪಾಗಿ ಸಲ್ಲಿಸಲು ಬಿಡುವ ಐಒ-ಯುರಿಂಗ್ 2019ರ 5.1ರಲ್ಲಿ, ವೈರ್‌ಗಾರ್ಡ್ ವಿಪಿಎನ್ 2020ರ 5.6ರಲ್ಲಿ, ಮೆಮೊರಿ ಬಿಗಿಯಾದಾಗ ಯಾವ ಪುಟ ಬಿಡಬೇಕೆಂದು ಇನ್ನಷ್ಟು ಜಾಣತನದಿಂದ ಆರಿಸುವ ಹೊಸ ಏರ್ಪಾಡು 2022ರ 6.1ರಲ್ಲಿ ಸೇರಿದವು. 2007ರಿಂದ ಪ್ರೊಸೆಸರ್ ಸಮಯ ಹಂಚುತ್ತಿದ್ದ ಷೆಡ್ಯೂಲರ್‌ನ ಜಾಗಕ್ಕೆ 6.6ರಲ್ಲಿ ಹೊಸದು ಬಂತು. ಇವುಗಳಲ್ಲಿ ನಿಮ್ಮ ಕೆಲಸಕ್ಕೆ ಯಾವುದು ತಾಗುತ್ತದೆ ಎಂಬುದು ನಿಮ್ಮ ಹೊರೆಯ ಮೇಲೆ ನಿಂತಿದೆ. ಹತ್ತು ಮಂದಿ ಬಳಸುವ ಲೆಕ್ಕಪತ್ರ ತಂತ್ರಾಂಶಕ್ಕೆ ಇವೆಲ್ಲ ತಿಳಿಯದೇ ಹೋಗಬಹುದು. ಹೊಸ ಯಂತ್ರಾಂಶ ಕೊಳ್ಳುವವರ ಮಾತು ಬೇರೆ. ಹೊಸ ಪ್ರೊಸೆಸರ್, ನೆಟ್‌ವರ್ಕ್ ಕಾರ್ಡ್‌ಗಳನ್ನು ಹಳೆಯ ಕರ್ನೆಲ್ ಗುರುತಿಸದಿರುವುದೂ, ಅರ್ಧ ಶಕ್ತಿಯಲ್ಲಿ ದುಡಿಸುವುದೂ ಉಂಟು. ಎದುರು ಬದಿಯೂ ಇದೆ. ಜನವರಿ 2018ರಲ್ಲಿ ಬಯಲಾದ, ಪ್ರೊಸೆಸರ್‌ಗಳಲ್ಲೇ ಇದ್ದ ಮೆಲ್ಟ್‌ಡೌನ್, ಸ್ಪೆಕ್ಟರ್ ದೋಷಗಳಿಗೆ ಕರ್ನೆಲ್‌ನಲ್ಲಿ ಹಾಕಿದ ತಡೆಗಳು ಪದೇಪದೇ ಕರ್ನೆಲ್ಲನ್ನು ಕರೆಯುವ ಡೇಟಾಬೇಸ್‌ನಂಥ ಕೆಲಸಗಳನ್ನು ನಿಧಾನ ಮಾಡಿದವು. ವೇಗದ ಆಸೆಗಾಗಿ ಮಾತ್ರ ಕರ್ನೆಲ್ ಬದಲಿಸಿ ಎಂದು ಯಾರಿಗೂ ಹೇಳಲಾಗದು. ಬದಲಿಸುವ ಮುನ್ನ ನಿಮ್ಮದೇ ಹೊರೆಯ ಅಳತೆ ತೆಗೆದಿಟ್ಟುಕೊಂಡು, ಬದಲಿಸಿದ ಮೇಲೆ ಹೋಲಿಸಿ ನೋಡುವುದೇ ಸರಿಯಾದ ದಾರಿ.

ಬಲವಾದ ಆಕ್ಷೇಪ ಬರುವುದು ಬೇರೆ ಕಡೆಯಿಂದ. ಹೊಸ ಕರ್ನೆಲ್ ತನ್ನದೇ ಹೊಸ ದೋಷ ತರುವುದಿಲ್ಲವೇ? ತರುತ್ತದೆ. 2022ರ ಡರ್ಟಿ ಪೈಪ್ ದೋಷ ಇಂದಿನ ರೂಪದಲ್ಲಿ ಅಪಾಯಕಾರಿಯಾದದ್ದೇ 5.8 ಆವೃತ್ತಿಯಿಂದ, ಅದಕ್ಕಿಂತ ಹಿಂದಿನ ಕರ್ನೆಲ್ ಬಳಸುತ್ತಿದ್ದವರಿಗೆ ಅದು ತಟ್ಟಲಿಲ್ಲ. ಗ್ರಾಹಕರು ಇಳಿಸಿಕೊಂಡ ಲಾಗ್ ಫೈಲ್‌ಗಳು ಬಿಚ್ಚಿಕೊಳ್ಳುತ್ತಿಲ್ಲ ಎಂಬ ದೂರಿನ ಬೆನ್ನು ಹತ್ತಿ, ತಿಂಗಳುಗಟ್ಟಲೆ ಶೋಧಿಸಿ ಮ್ಯಾಕ್ಸ್ ಕೆಲ್ಲರ್‌ಮನ್ ಅದನ್ನು ಕಂಡುಹಿಡಿದರು. ಡಿಸೆಂಬರ್ 2023ರಲ್ಲಿ ಇನ್ನೂ ಮನಮುಟ್ಟುವ ಪ್ರಸಂಗ ನಡೆಯಿತು. ಸ್ಥಿರತೆಗೆ ಹೆಸರಾದ ಡೆಬಿಯನ್‌ನ 12.3 ಆವೃತ್ತಿ ಹೊರಡುವ ದಿನವೇ, ಅದರಲ್ಲಿದ್ದ 6.1.64 ಕರ್ನೆಲ್ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯ ದತ್ತಾಂಶ ಕೆಡಿಸಬಲ್ಲದು ಎಂದು ತಿಳಿದುಬಂದು, ಬಿಡುಗಡೆಯನ್ನು ತಡೆದರು. ಮರುದಿನ ದುರಸ್ತಿಯಾದ ಕರ್ನೆಲ್‌ನೊಂದಿಗೆ 12.4 ಬಂತು. ಆಕ್ಷೇಪ ಎತ್ತುವವರ ಕೈಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು, ಇದನ್ನು ಮುಚ್ಚಿಡುವುದೂ ಸಲ್ಲದು. ಆದರೆ ಈ ಸಾಕ್ಷಿ ಏನನ್ನು ಸಾಧಿಸುತ್ತದೆ? ಹೊಸ ಕರ್ನೆಲ್ ಬಂದ ಗಳಿಗೆಯಲ್ಲೇ ಎಲ್ಲ ಯಂತ್ರಗಳಿಗೂ ಹಾಕಬೇಡಿ ಎಂಬುದನ್ನು ಸಾಧಿಸುತ್ತದೆ. ಹಾಕಲೇಬೇಡಿ ಎಂಬುದನ್ನಲ್ಲ. ಡೆಬಿಯನ್‌ನ ದೋಷ ಗೊತ್ತಾಗಿ ಸರಿಹೋಗಲು ಬೇಕಾದದ್ದು ಕೆಲವೇ ದಿನ. ಮೊದಲು ಪರೀಕ್ಷೆಯ ಯಂತ್ರ, ಆಮೇಲೆ ಹೋದರೂ ನಷ್ಟವಿಲ್ಲದ ಒಂದು ಯಂತ್ರ, ಒಂದು ವಾರ ನೋಡಿ ಉಳಿದವು ಎಂದು ಕ್ರಮವಿಟ್ಟುಕೊಂಡವರಿಗೆ ಆ ದೋಷ ಮುಖ್ಯ ಯಂತ್ರದವರೆಗೆ ತಲುಪುವ ಸಂಭವವೇ ಕಡಿಮೆ. ಕಾಯುವುದಾದರೆ ದಿನಗಳ ಲೆಕ್ಕದಲ್ಲಿ ಕಾಯಬೇಕು. ಸಕ್ರಿಯವಾಗಿ ದಾಳಿಯಾಗುತ್ತಿರುವ ದೋಷವಾದರೆ ಅಷ್ಟೂ ಕಾಯುವಂತಿಲ್ಲ.

ಭದ್ರತೆಯ ದುರಸ್ತಿ ಮಾತ್ರ ಆರಿಸಿ ಹಾಕಿದರೆ ಸಾಲದೇ ಎಂಬ ಪ್ರಶ್ನೆಗೆ ಕರ್ನೆಲ್ ತಂಡವೇ ಉತ್ತರ ಕೊಟ್ಟಿದೆ. ಫೆಬ್ರವರಿ 2024ರಿಂದ ಆ ತಂಡ ದೋಷಗಳಿಗೆ ಸಿವಿಇ ಸಂಖ್ಯೆಯನ್ನು ತಾನೇ ಕೊಡುತ್ತಿದ್ದು, ಸಾವಿರಾರು ಸಂಖ್ಯೆಗಳು ಹೊರಬಂದಿವೆ. ಕರ್ನೆಲ್ ಇರುವ ಸ್ಥಾನದಲ್ಲಿ ಬಹುತೇಕ ಯಾವ ದೋಷವೂ ಯಾರದೋ ಬಳಕೆಯಲ್ಲಿ ಭದ್ರತೆಯ ದೋಷವಾಗಬಹುದು, ಯಾರು ಹೇಗೆ ಬಳಸುತ್ತಾರೆಂದು ತಮಗೆ ತಿಳಿಯದು ಎನ್ನುವುದು ಅವರ ನಿಲುವು. ಆರಿಸುತ್ತ ಕೂರುವುದಕ್ಕಿಂತ ಪೂರ್ತಿ ಹಾಕುವುದೇ ಸುಲಭ ಮತ್ತು ಸುರಕ್ಷಿತ. ಓಡುತ್ತಿರುವ ಕರ್ನೆಲ್‌ಗೆ ನಿಲ್ಲಿಸದೆಯೇ ತೇಪೆ ಹಾಕುವ ಲೈವ್ ಪ್ಯಾಚಿಂಗ್ ಬಗ್ಗೆಯೂ ಒಂದು ಮಾತು. 2015ರ 4.0ರಿಂದ ಅದರ ತಳಹದಿ ಮೂಲ ಕರ್ನೆಲ್‌ನಲ್ಲೇ ಇದೆ, ಉಬುಂಟು, ರೆಡ್ ಹ್ಯಾಟ್, ಸೂಸೆ, ಒರಾಕಲ್ ಎಲ್ಲವೂ ಈ ಸೇವೆ ಕೊಡುತ್ತವೆ. ಒಂದು ಕಾರ್ಯದ ಬದಲು ಇನ್ನೊಂದನ್ನು ಕರೆಯುವಂತೆ ತಿರುಗಿಸುವುದು ಅದರ ಉಪಾಯ. ದತ್ತಾಂಶದ ರಚನೆಯೇ ಬದಲಾಗಬೇಕಾದ ಕಡೆ ಅದು ಸುಲಭವಾಗಿ ನಿಲುಕದು, ಮತ್ತು ತೀವ್ರ ದೋಷಗಳಿಗಷ್ಟೇ ಅಂಥ ತೇಪೆ ಬರುತ್ತದೆ. ಇಂದು ರಾತ್ರಿಯ ಅಪಾಯವನ್ನು ಮುಂದಿನ ಭಾನುವಾರದ ಬಿಡುವಿನವರೆಗೆ ತಡೆಹಿಡಿಯಲು ಅದು ಅಮೂಲ್ಯ. ಆ ಭಾನುವಾರವನ್ನೇ ರದ್ದು ಮಾಡಲು ಅದನ್ನು ಬಳಸಬಾರದು.

ನಮ್ಮ ಅಪ್ಲಿಕೇಶನ್ ಮುರಿಯುತ್ತದೆ ಎಂಬ ಭಯ ಅರ್ಧ ಮಾತ್ರ ನಿಜ. ಸಾಮಾನ್ಯ ಪ್ರೋಗ್ರಾಂಗಳು ಕರ್ನೆಲ್ ಜೊತೆ ಮಾತಾಡುವ ರೀತಿಯನ್ನು ಕೆಡಿಸಬಾರದು ಎಂಬುದು ಟೋರ್ವಾಲ್ಡ್ಸ್ ಹಟ ಹಿಡಿದು ಕಾದುಕೊಂಡು ಬಂದ ನಿಯಮ. ಬಹಳ ಹಳೆಯ ಪ್ರೋಗ್ರಾಂಗಳು ಇಂದಿನ ಕರ್ನೆಲ್ ಮೇಲೆ ಓಡುವುದು ಅದರಿಂದಲೇ. ಆದರೆ ಈ ಅಭಯ ಕರ್ನೆಲ್ ಒಳಗೆ ಕೂರುವ ಹೊರಗಿನ ಮಾಡ್ಯೂಲ್‌ಗಳಿಗೆ ಇಲ್ಲ. ಎನ್ವಿಡಿಯಾ ಡ್ರೈವರ್, ಝಡ್‌ಎಫ್‌ಎಸ್, ಕೆಲವು ಸ್ಟೋರೇಜ್ ಕಾರ್ಡ್‌ಗಳ ಡ್ರೈವರ್, ಕೆಲವು ಭದ್ರತಾ ತಂತ್ರಾಂಶಗಳ ಏಜೆಂಟ್, ಇಂಥವು ಪ್ರತಿ ಕರ್ನೆಲ್‌ಗೂ ಹೊಸದಾಗಿ ಹೊಂದಬೇಕು. ಡಿಕೆಎಂಎಸ್ ಎಂಬ ಸಲಕರಣೆ ಹೊಸ ಕರ್ನೆಲ್ ಬಂದಾಗಲೆಲ್ಲ ಅವನ್ನು ಮತ್ತೆ ಕಟ್ಟುತ್ತದೆ, ಆದರೆ ಕಟ್ಟುವಾಗ ಸೋತದ್ದನ್ನು ನೀವು ಗಮನಿಸದಿದ್ದರೆ ರೀಬೂಟ್ ಆದ ಮೇಲೆಯೇ ತಿಳಿಯುವುದು. ಡಿಸ್ಕ್ ಡ್ರೈವರ್‌ಗೇ ಹಾಗಾದರೆ ಯಂತ್ರ ಏಳುವುದೇ ಇಲ್ಲ. ಯಾವ ಯಂತ್ರದಲ್ಲಿ ಇಂಥ ಮಾಡ್ಯೂಲ್ ಇವೆ ಎಂದು ಪಟ್ಟಿ ಮಾಡಿ, ಅವುಗಳ ತಯಾರಕರು ಯಾವ ಕರ್ನೆಲ್‌ವರೆಗೆ ಒಪ್ಪಿದ್ದಾರೆಂದು ನೋಡಿಕೊಳ್ಳುವುದು ಇಡೀ ಸಿದ್ಧತೆಯಲ್ಲಿ ಅತಿ ಮುಖ್ಯವಾದ ಕೆಲಸ.

ಬಹುಕಾಲ ರೀಬೂಟ್ ಆಗದ ಯಂತ್ರವಾದರೆ ಮೊದಲ ಹೆಜ್ಜೆ ಕರ್ನೆಲ್ ಬದಲಿಸುವುದಲ್ಲ, ಹಳೆಯ ಕರ್ನೆಲ್‌ನಲ್ಲೇ ಒಮ್ಮೆ ರೀಬೂಟ್ ಮಾಡುವುದು. ಎರಡು ವರ್ಷದಲ್ಲಿ ಯಾರೋ ಕೈಯಾರೆ ಚಾಲೂ ಮಾಡಿದ ಸೇವೆ, ಬರೆದಿಡದ ನೆಟ್‌ವರ್ಕ್ ಮಾರ್ಗ, ಫೈಲ್ ವ್ಯವಸ್ಥೆಗಳ ಪಟ್ಟಿಯಲ್ಲಿ ಉಳಿದುಹೋದ ತಪ್ಪು ಸಾಲು, ಸುತ್ತುವುದನ್ನು ನಿಲ್ಲಿಸಿದರೆ ಮತ್ತೆ ಸುತ್ತದ ಮುದಿ ಡಿಸ್ಕ್, ಇವೆಲ್ಲ ಆಗ ಹೊರಬರುತ್ತವೆ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದೇ ತೊಂದರೆಯ ಆರೋಪವೂ ಹೊಸ ಕರ್ನೆಲ್ ತಲೆಗೆ ಕಟ್ಟಲ್ಪಟ್ಟು, ನಿಜವಾದ ಕಾರಣ ಹುಡುಕಲು ರಾತ್ರಿಯೆಲ್ಲ ಹಿಡಿಯುತ್ತದೆ. ಈ ಮೊದಲ ರೀಬೂಟಿಗೂ ಮುಂಚೆ ಬ್ಯಾಕಪ್ ಇರಬೇಕು, ಅದರಿಂದ ಒಂದಾದರೂ ಫೈಲನ್ನು ಮರಳಿ ತೆಗೆದು ನೋಡಿರಬೇಕು. ನೆಟ್‌ವರ್ಕ್ ಏಳದಿದ್ದರೂ ಯಂತ್ರದ ಪರದೆ ನೋಡಲು ಐಪಿಎಂಐ ಅಥವಾ ಕ್ಲೌಡ್ ಒದಗಿಸುವ ಕನ್ಸೋಲ್‌ನ ಪಾಸ್‌ವರ್ಡ್ ಕೈಯಲ್ಲಿರಬೇಕು, ಅದು ಕೆಲಸ ಮಾಡುತ್ತದೆಯೇ ಎಂದು ಹಿಂದಿನ ದಿನವೇ ನೋಡಿರಬೇಕು. ವರ್ಚುವಲ್ ಮೆಷಿನ್ ಆದರೆ ಒಂದು ಸ್ನ್ಯಾಪ್‌ಶಾಟ್ ತೆಗೆದರೆ ಅರ್ಧ ಆತಂಕ ಕಳೆಯುತ್ತದೆ. ಸಂಬಳ ಬಟವಾಡೆಯ ದಿನ, ಫಲಿತಾಂಶ ಪ್ರಕಟಿಸುವ ದಿನ, ದಾಖಲಾತಿಯ ಕೊನೆಯ ದಿನಗಳನ್ನು ತಪ್ಪಿಸಿ. ಶುಕ್ರವಾರ ರಾತ್ರಿಯೂ ಒಳ್ಳೆಯದಲ್ಲ. ಕೆಟ್ಟರೆ ಕೇಳಲು ಶನಿವಾರ ಯಾರೂ ಸಿಗುವುದಿಲ್ಲ.

ಹೊಸ ಕರ್ನೆಲ್ ಹಾಕಿದಾಗ ಹಳೆಯದು ಅಳಿಸಿಹೋಗುವುದಿಲ್ಲ, ಪಕ್ಕದಲ್ಲೇ ಇರುತ್ತದೆ. ಬೇರೆ ತಂತ್ರಾಂಶಗಳಿಗಿಂತ ಕರ್ನೆಲ್ ಬದಲಾವಣೆಯಿಂದ ಹಿಂದೆ ಬರುವುದು ಸುಲಭ ಎನ್ನಲು ಇದೇ ಕಾರಣ. ಗ್ರಬ್ ಬೂಟ್ ಲೋಡರ್‌ನಲ್ಲಿ ಮುಂದಿನ ಒಂದು ಸಲಕ್ಕೆ ಮಾತ್ರ ಹೊಸ ಕರ್ನೆಲ್ ಎತ್ತಿಕೋ, ಆಮೇಲೆ ಮೊದಲಿನಂತೆ ಹಳೆಯದನ್ನೇ ಎತ್ತಿಕೋ ಎಂದು ಹೇಳುವ ಸೌಲಭ್ಯವಿದೆ. ಅದರ ಜೊತೆಗೆ ಕರ್ನೆಲ್ ಕುಸಿದರೆ ಮೂವತ್ತು ಸೆಕೆಂಡಿನಲ್ಲಿ ತಾನೇ ರೀಬೂಟ್ ಆಗುವಂತೆ ಬೂಟ್ ಸಾಲಿಗೆ ಪ್ಯಾನಿಕ್ ಎಂಬ ಆಯ್ಕೆ ಸೇರಿಸಿದರೆ, ದೂರದ ಡೇಟಾ ಸೆಂಟರಿನಲ್ಲಿರುವ ಯಂತ್ರವೂ ಹೊಸದರಲ್ಲಿ ಏಳಲಾಗದಿದ್ದರೆ ತಾನಾಗಿಯೇ ಹಳೆಯದಕ್ಕೆ ಮರಳುತ್ತದೆ. ಕುಸಿಯದೆ ಸುಮ್ಮನೆ ಸ್ತಬ್ಧವಾದರೆ ಈ ಉಪಾಯ ಸಾಗದು, ಅದಕ್ಕೇ ಕನ್ಸೋಲ್ ಬೇಕು ಎಂದದ್ದು. ಎಲ್ಲ ಸರಿಯಿದೆ ಎಂದು ಕಂಡಮೇಲೆ ಹೊಸದನ್ನೇ ಕಾಯಂ ಮಾಡಿ. ಒಂದೇ ಕೆಲಸಕ್ಕೆ ಎರಡು ಮೂರು ಸರ್ವರ್ ಇರುವ ಕಡೆ, ಒಂದನ್ನು ಲೋಡ್ ಬ್ಯಾಲೆನ್ಸರ್‌ನಿಂದ ಹೊರಗೆ ತೆಗೆದು, ಬದಲಿಸಿ, ಮರಳಿ ಸೇರಿಸಿ, ಆಮೇಲೆ ಮುಂದಿನದಕ್ಕೆ ಹೋದರೆ ಬಳಕೆದಾರರಿಗೆ ಗೊತ್ತೂ ಆಗುವುದಿಲ್ಲ. ಹಾಗೆ ಒಂದನ್ನು ಹೊರತೆಗೆದರೆ ಉಳಿದದ್ದು ಭಾರ ಹೊರಲಾರದು ಎಂಬ ಸ್ಥಿತಿಯಿದ್ದರೆ, ಯಂತ್ರವೊಂದು ತಾನಾಗಿ ಕೆಟ್ಟ ದಿನ ಏನಾಗುತ್ತದೆಂದೂ ಈಗಲೇ ಯೋಚಿಸಬೇಕಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಕೊನೆಯ ಹೆಜ್ಜೆಯಲ್ಲಿ ಎಡವುವವರು ಬಹಳ. ಆಪ್ಟ್ ಅಥವಾ ಡಿಎನ್‌ಎಫ್ ಹೊಸ ಕರ್ನೆಲ್ಲನ್ನು ತಾನಾಗಿ ಇಳಿಸಿ ಹಾಕಿರುತ್ತದೆ, ವರದಿಯಲ್ಲಿ ಎಲ್ಲ ಸರಿ ಎಂದು ಬರುತ್ತದೆ, ರೀಬೂಟ್ ಮಾತ್ರ ಆಗಿರುವುದಿಲ್ಲ. ಡಿಸ್ಕ್‌ನಲ್ಲಿ ಹೊಸ ಕರ್ನೆಲ್, ಮೆಮೊರಿಯಲ್ಲಿ ಹಳೆಯದು. ಈಗ ಓಡುತ್ತಿರುವುದು ಯಾವುದೆಂದು ಯುನೇಮ್ ಆಜ್ಞೆಗೆ -ಆರ್ ಸೇರಿಸಿ ಕೇಳಿದರೆ ತಿಳಿಯುತ್ತದೆ. ಹಾಕಿರುವುದರಲ್ಲಿ ಇತ್ತೀಚಿನದು ಯಾವುದೆಂದು ಪ್ಯಾಕೇಜ್ ಪಟ್ಟಿ ಹೇಳುತ್ತದೆ. ಎರಡೂ ಒಂದೇ ಆಗುವವರೆಗೆ ಕೆಲಸ ಮುಗಿದಿಲ್ಲ. ಈ ಎರಡು ಸಾಲನ್ನು ಎಲ್ಲ ಯಂತ್ರಗಳಿಂದ ವಾರಕ್ಕೊಮ್ಮೆ ತರಿಸಿಕೊಳ್ಳುವ ಸಣ್ಣ ಸ್ಕ್ರಿಪ್ಟ್ ಬರೆಯಲು ಅರ್ಧ ಗಂಟೆ ಸಾಕು. ರೀಬೂಟ್ ಆದ ಮೇಲೆ ಕರ್ನೆಲ್‌ನ ಸಂದೇಶಗಳಲ್ಲಿ ಹೊಸ ದೂರುಗಳಿವೆಯೇ, ಎಲ್ಲ ಡಿಸ್ಕ್ ಜೋಡಣೆಯಾಗಿದೆಯೇ, ಗಡಿಯಾರ ಸರಿಯಿದೆಯೇ, ಆ ರಾತ್ರಿಯ ಬ್ಯಾಕಪ್ ನಡೆಯಿತೇ ಎಂದು ನೋಡಿ. ಒಂದು ವಾರ ಕಳೆದ ಮೇಲೆ ಹಳೆಯ ಕರ್ನೆಲ್‌ಗಳಲ್ಲಿ ಸರಿಯಾಗಿ ಓಡಿದ್ದ ಕೊನೆಯದೊಂದನ್ನು ಉಳಿಸಿ, ಅದಕ್ಕೂ ಹಿಂದಿನವನ್ನು ತೆಗೆದುಹಾಕಿ. ಬೂಟ್ ವಿಭಾಗ ಸಾಮಾನ್ಯವಾಗಿ ಚಿಕ್ಕದು. ಅದು ತುಂಬಿ ಮುಂದಿನ ಕರ್ನೆಲ್‌ನ ಆರಂಭಿಕ ಫೈಲ್ ಅರ್ಧಕ್ಕೇ ನಿಂತರೆ, ಆ ಸಂಗತಿ ಗೊತ್ತಾಗುವುದು ಯಂತ್ರ ಏಳದಿದ್ದಾಗ.